ನ್ಯೂಯಾರ್ಕ್ ರಾಜ್ಯದ ಎಪಿಸ್ಕೋಪಲ್ ಸಭೆಯು (ಆಂಗ್ಲಿಕನ್ ಪರಂಪರೆಯ ಸ್ಥಳೀಯ ಚರ್ಚು) ತನ್ನ ರೆಕ್ಟರಿಯನ್ನು, ಅಂದರೆ ಪಾದ್ರಿಯ ಮನೆಯನ್ನು, ಮಾರಲು ಸದಸ್ಯರ ಬಹುಮತ ಸಾಕೇ?

ಸಾಲದು. ಕ್ರಯಪತ್ರ ಸಭೆಯ ಹೆಸರಿನಲ್ಲೇ ಇದೆ, ಸದಸ್ಯರೆಲ್ಲ ಒಪ್ಪಿದ್ದಾರೆ, ಇನ್ನು ಯಾರನ್ನು ಕೇಳಬೇಕು ಎಂದು ನೀವು ಬರೆದಿದ್ದೀರಿ. ನಮ್ಮ ಸಭೆಯ ಆಡಳಿತ ಮಂಡಳಿಯಾದ ವೆಸ್ಟ್ರಿಯಲ್ಲಿಯೂ ಇದೇ ಮಾತು ನಡೆದಿತ್ತು. ನಾನು ಬೆಳೆದದ್ದು ಕರ್ನಾಟಕದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯೊಂದರಲ್ಲಿ. ಅಲ್ಲಿ ಆಸ್ತಿ ಸಾಮಾನ್ಯವಾಗಿ ಸಿ.ಎಸ್.ಐ. ಟ್ರಸ್ಟ್ ಅಸೋಸಿಯೇಷನ್ ಹೆಸರಿನಲ್ಲಿರುವುದರಿಂದ, ಊರಿನ ಸಭೆಯೇ ಅದನ್ನು ಮಾರಬಹುದೆಂದು ಯಾರಿಗೂ ತೋಚುವುದಿಲ್ಲ. ನ್ಯೂಯಾರ್ಕಿನಲ್ಲಾದರೋ ಧಾರ್ಮಿಕ ನಿಗಮಗಳ ಕಾಯ್ದೆಯಡಿ ಸಭೆಯೇ ಒಂದು ನಿಗಮವಾಗಿದ್ದು, ಪಾದ್ರಿಯಾದ ರೆಕ್ಟರ್, ಮುಖ್ಯ ಪದಾಧಿಕಾರಿಗಳಾದ ವಾರ್ಡನ್‌ಗಳು ಮತ್ತು ವೆಸ್ಟ್ರಿ ಸದಸ್ಯರು ಅದರ ಟ್ರಸ್ಟಿಗಳಾಗಿರುತ್ತಾರೆ. ಇದನ್ನು ತಿಳಿದಾಗ, ಎಲ್ಲವೂ ನಮ್ಮ ಕೈಯಲ್ಲೇ ಇದೆಯೆಂದು ನಾನೂ ನಂಬಿದೆ.

ನಾವು ಮಾರಲು ಹೊರಟದ್ದೂ ರೆಕ್ಟರಿಯನ್ನೇ. ರೆಕ್ಟರ್ ಆ ಮನೆಯಲ್ಲಿಯೇ ವಾಸವಾಗಿದ್ದರು. ತಾವು ಎದುರಿಗಿದ್ದರೆ ಯಾರೂ ಮನಸ್ಸು ಬಿಚ್ಚಿ ಮಾತನಾಡಲಾರರೆಂಬ ಸಂಕೋಚದಿಂದ, ಮತ ಹಾಕುವ ಹೊತ್ತಿಗೆ ಅವರು ಎದ್ದು ಪಕ್ಕದ ಅಡುಗೆಕೋಣೆಗೆ ಹೋದರು. ವೆಸ್ಟ್ರಿಯ ಕಾರ್ಯದರ್ಶಿಯಾಗಿದ್ದ ನಾನು ನಡಾವಳಿಯಲ್ಲಿ ‘ರೆಕ್ಟರ್ ನಿರ್ಗಮಿಸಿದರು, ನಿರ್ಣಯ ಸರ್ವಾನುಮತದಿಂದ ಅಂಗೀಕೃತವಾಯಿತು’ ಎಂದು ಬರೆದೆ. ಮಾರಾಟ ಕೆಟ್ಟದ್ದು ಆ ಸಾಲಿನಲ್ಲಿ. ಬೇರೆ ಸಂಸ್ಥೆಗಳಲ್ಲಿ ಸ್ವಂತ ಹಿತಾಸಕ್ತಿಯಿರುವವರು ಹೊರಗೆ ಹೋಗುವುದೇ ಸಂಪ್ರದಾಯ, ನಾವೂ ಅದನ್ನೇ ಪಾಲಿಸಿದೆವು. ಆದರೆ ಈ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಸಭೆಗೆ ರೆಕ್ಟರ್ ಇದ್ದಲ್ಲಿ ಅವರು ಹಾಜರಿಲ್ಲದೆ ಸ್ಥಿರಾಸ್ತಿಯ ಮಾರಾಟ, ಅಡಮಾನ ಅಥವಾ ಗುತ್ತಿಗೆಯ ನಿರ್ಣಯದ ಮೇಲೆ ಟ್ರಸ್ಟಿಗಳು ಮತ ಹಾಕುವಂತೆಯೇ ಇಲ್ಲ. ಅವರು ಒಪ್ಪಲೇಬೇಕೆಂದು ಅಲ್ಲಿ ಹೇಳಿಲ್ಲ, ಹಾಜರಿರಬೇಕೆಂದು ಹೇಳಿದೆ. ಗೋಡೆಯ ಆಚೆ ಕುಳಿತಿದ್ದವರನ್ನು ಹಾಜರಿದ್ದರೆನ್ನಲು ಬರುವುದಿಲ್ಲ. ನಾನು ಆ ಸೆಕ್ಷನ್ನನ್ನು ಮೊದಲೇ ಓದಿದ್ದರೆ ಅವರನ್ನು ಕೈಹಿಡಿದು ಕೂರಿಸುತ್ತಿದ್ದೆ. ಡಯಾಸಿಸ್ಸಿನ (ಬಿಷಪರ ಅಧೀನದ ಪ್ರಾಂತದ) ವಕೀಲರು ಲೋಪವನ್ನು ಗುರುತಿಸಿದ ಮೇಲೆ ಮತ್ತೆ ವೆಸ್ಟ್ರಿ ಕರೆದು, ಮತ್ತೆ ಮತ ಹಾಕಿ, ಬಿಷಪರೊಂದಿಗೆ ಮಾರಾಟಕ್ಕೆ ಸಮ್ಮತಿ ಕೊಡಬೇಕಾದ ಡಯಾಸಿಸ್ಸಿನ ಸ್ಥಾಯಿ ಸಮಿತಿಯ ಮುಂದಿನ ಬೈಠಕ್ಕಿಗೆ ಕಾಯುವಷ್ಟರಲ್ಲಿ ಕೊಳ್ಳುವವರ ಬ್ಯಾಂಕ್ ಸಾಲದ ಅವಧಿ ಮುಗಿದು ಅವರು ಹಿಂದೆ ಸರಿದರು. ನಂತರ ಬಂದವರು ಕೊಟ್ಟ ಬೆಲೆ ಬಹಳ ಕಡಿಮೆ.

ಸಾಮಾನ್ಯ ಲಾಭರಹಿತ ಸಂಸ್ಥೆಯಾಗಿ ಮರುನೋಂದಣಿ ಮಾಡಿಸಿಕೊಂಡರೆ ಡಯಾಸಿಸ್ಸಿನ ಹಂಗು ತಪ್ಪೀತೇ ಎಂಬ ನಿಮ್ಮ ಎರಡನೆಯ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ರೋಚೆಸ್ಟರ್ ಬಳಿಯ ಐರಾಂಡಿಕ್ವೋಯಿಟ್‌ನ ಆಲ್ ಸೇಂಟ್ಸ್ ಸಭೆ ಎಪಿಸ್ಕೋಪಲ್ ಚರ್ಚಿನಿಂದ ಬೇರ್ಪಟ್ಟಾಗ, ಆಸ್ತಿ ಡಯಾಸಿಸ್ಸಿಗೇ ಸೇರಬೇಕೆಂದು ರಾಜ್ಯದ ಅತ್ಯುನ್ನತ ನ್ಯಾಯಾಲಯ 2008ರಲ್ಲಿ ತೀರ್ಪಿತ್ತಿತು. ಕ್ರಯಪತ್ರಗಳಲ್ಲಿ ಟ್ರಸ್ಟಿನ ಮಾತು ಸ್ಪಷ್ಟವಾಗಿರದಿದ್ದರೂ, ಸಭೆಯ ಆಸ್ತಿಯು ಇಡೀ ಚರ್ಚಿನ ಮತ್ತು ಡಯಾಸಿಸ್ಸಿನ ಪರವಾಗಿ ಟ್ರಸ್ಟಿನಲ್ಲಿದೆ ಎನ್ನುವ ಎಪಿಸ್ಕೋಪಲ್ ಚರ್ಚಿನ 1979ರ ನಿಯಮ, ಡೆನಿಸ್ ಕ್ಯಾನನ್, ಅದಕ್ಕೆ ಸಾಕಾಯಿತು. 2020ರಲ್ಲಿ ಟೆಕ್ಸಾಸಿನ ಸುಪ್ರೀಂ ಕೋರ್ಟು ಫೋರ್ಟ್ ವರ್ತ್ ಪ್ರಕರಣದಲ್ಲಿ ಬೇರ್ಪಟ್ಟವರ ಪರವಾಗಿ ತೀರ್ಪು ಕೊಟ್ಟದ್ದನ್ನು ನಿಮಗೆ ಯಾರಾದರೂ ತೋರಿಸಬಹುದು. ಅದು ಆ ರಾಜ್ಯದ ಟ್ರಸ್ಟ್ ಕಾನೂನನ್ನು ಅವಲಂಬಿಸಿದ ತೀರ್ಪು. ರಾಜ್ಯ ಬದಲಾದರೆ ನೆಲೆಯೇ ಬದಲಾಗುತ್ತದೆ: ವರ್ಜೀನಿಯಾದಲ್ಲಿ 2002ರಲ್ಲಿ ಫೆಡರಲ್ ನ್ಯಾಯಾಲಯ ನಿಷೇಧವನ್ನು ತೆಗೆದುಹಾಕುವವರೆಗೂ ಸಭೆಗಳು ನಿಗಮವಾಗುವಂತೆಯೇ ಇರಲಿಲ್ಲ. ಇಷ್ಟಕ್ಕೂ ನಿಮಗೆ ಬೇಕಿರುವುದು ಮನೆಯೊಂದರ ಮಾರಾಟ. ಅದಕ್ಕಾಗಿ ಬಿಷಪರೊಂದಿಗೆ ವ್ಯಾಜ್ಯ ಹೂಡಬೇಡಿ.

ಮೊದಲು ಬಿಷಪರ ಕಚೇರಿಗೆ ಬರೆಯಿರಿ. ರೆಕ್ಟರ್ ಕುಳಿತಿರುವಾಗಲೇ ಮತ ಹಾಕಿ, ಅವರ ಹಾಜರಿಯನ್ನು ನಡಾವಳಿಯಲ್ಲಿ ಹೆಸರಿನೊಂದಿಗೆ ದಾಖಲಿಸಿ. ಬಿಷಪರ ಮತ್ತು ಸ್ಥಾಯಿ ಸಮಿತಿಯ ಲಿಖಿತ ಸಮ್ಮತಿ ಕೈಗೆ ಬಂದ ನಂತರವೇ ನ್ಯಾಯಾಲಯಕ್ಕೋ ಅಟಾರ್ನಿ ಜನರಲ್‌ಗೋ ಅರ್ಜಿ ಹಾಕಿ; ಐದು ವರ್ಷ ಮೀರಿದ ಗುತ್ತಿಗೆಗೂ ಆ ಅನುಮತಿ ಬೇಕು. ನಿಮ್ಮ ಡಯಾಸಿಸ್ಸಿನಲ್ಲಿ ಬಿಷಪರ ಸ್ಥಾನ ತೆರವಾಗಿದ್ದರೆ ಹೊಸಬರ ಆಯ್ಕೆಗೆ ಕಾಯಬೇಕಾಗಿಲ್ಲ. ಆ ಸಂಗತಿಯನ್ನು ಪ್ರಮಾಣೀಕರಿಸಿ ಸ್ಥಾಯಿ ಸಮಿತಿ ಕೊಡುವ ಸಮ್ಮತಿಯೊಂದೇ ಸಾಕಾಗುತ್ತದೆ.