ಸದನದ ಪ್ರಶ್ನೆಗೆ ಸರ್ಕಾರ ನಿಜವಾಗಿ ಹೆದರುತ್ತಾ?

ಶಾಸಕರು ಸದನದಲ್ಲಿ ಪ್ರಶ್ನೆ ಕೇಳಿದರೆ ಸರ್ಕಾರಕ್ಕೆ ಬಿಸಿ ಮುಟ್ಟುತ್ತಾ, ಇಲ್ಲ ಸುಮ್ನೆ ನಾಟಕವಾ ಅಂತ ಕೇಳಿದ್ದೀರಿ. ಮುಟ್ಟುತ್ತದೆ, ಆದರೆ ಪ್ರಶ್ನೆ ಬರೆಯೋಕೆ ಬರಬೇಕು.

ನಾನು ಇಲಾಖೆಯೊಂದರಲ್ಲಿ ಗುಮಾಸ್ತನಾಗಿದ್ದವನು. ಅಧಿವೇಶನ ಬಂತೆಂದರೆ ನಮಗೆ ‘ಎಲ್‌ಎಕ್ಯೂ’ ಕಾಟ. ವಿಧಾನಸಭೆಯ ಪ್ರಶ್ನೆಗೆ ಕಚೇರಿಯಲ್ಲಿ ಎಲ್ಲರೂ ಹಾಗೇ ಅನ್ನೋದು. ಉಳಿದ ಫೈಲೆಲ್ಲ ಬದಿಗೆ. ತಾಲ್ಲೂಕಿಗೆ ಫೋನ್ ಮೇಲೆ ಫೋನ್, ಸಂಜೆಯೊಳಗೆ ಮಾಹಿತಿ ಬೇಕು.

ಉತ್ತರದ ಹಾಳೆಯಲ್ಲಿ ಎಡಕ್ಕೆ ಅ, ಆ, ಇ ಅಂತ ಪ್ರಶ್ನೆ, ಬಲಕ್ಕೆ ಉತ್ತರ. ‘ಕುಡಿಯುವ ನೀರಿನ ಸಮಸ್ಯೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ‘ಬಂದಿರುವುದಿಲ್ಲ.’ ‘ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?’ ‘ಉದ್ಭವಿಸುವುದಿಲ್ಲ.’ ಮುಗೀತು! ಅದೇ ‘ಕಳೆದ 3 ವರ್ಷಗಳಲ್ಲಿ ಕೊರೆಸಿದ ಕೊಳವೆಬಾವಿಗಳೆಷ್ಟು, ನೀರು ಬಂದದ್ದೆಷ್ಟು, ಯಾವ ಗುತ್ತಿಗೆದಾರರಿಗೆ ಎಷ್ಟು ಪಾವತಿಸಲಾಗಿದೆ, ಗ್ರಾಮವಾರು ವಿವರ ನೀಡುವುದು’ ಎಂದು ಬಂದರೆ ಜಾರಿಕೊಳ್ಳೋದು ಕಷ್ಟ. ಅಂಕಿ ಬರೆಯಲೇಬೇಕು, ಕೆಳಗೆ ಸಚಿವರ ಸಹಿ ಬೀಳುತ್ತದೆ. ಬೇಕಂತಲೇ ಸುಳ್ಳು ಹೇಳಿದ್ದು ಗೊತ್ತಾದರೆ ಹಕ್ಕುಚ್ಯುತಿಯ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದ ಆರೋಪದ ತಲೆನೋವು.

ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸಚಿವರು ಸದನದಲ್ಲೇ ಬಾಯಿಬಿಟ್ಟು ಉತ್ತರಿಸಬೇಕು. ಲೋಕಸಭೆಯಲ್ಲಿ ದಿನಕ್ಕೆ ಇಂಥವು 20, ಲಿಖಿತ ಉತ್ತರದವು 230. ಯಾರ ಪ್ರಶ್ನೆ ಬರುತ್ತದೆ ಅನ್ನೋದು ಲಾಟರಿಯಲ್ಲಿ ತೀರ್ಮಾನ. ಮೊದಲ ಉತ್ತರ ಅಧಿಕಾರಿಗಳು ಬರೆದುಕೊಟ್ಟದ್ದು, ಅದರಲ್ಲಿ ಜಾಸ್ತಿ ಏನೂ ಸಿಗಲ್ಲ. ಆಮೇಲೆ ಬರುವ ಉಪಪ್ರಶ್ನೆ ಏನಿರುತ್ತೆ ಅಂತ ಮೊದಲೇ ಗೊತ್ತಿರಲ್ಲ, ಸಚಿವರು ಸಿಕ್ಕಿಬೀಳೋದು ಅಲ್ಲೇ.

1957ರ ಮುಂಧ್ರಾ ಹಗರಣ ನೋಡಿ. ಎಲ್‌ಐಸಿ ಹುಟ್ಟಿ ಇನ್ನೂ ಒಂದು ವರ್ಷ. ಅದರ ಸುಮಾರು 1.25 ಕೋಟಿ ರೂಪಾಯಿ ಹರಿದಾಸ್ ಮುಂಧ್ರಾ ಎಂಬ ಉದ್ಯಮಿಯ ಕಂಪನಿಗಳ ಷೇರಿಗೆ ಹೋಗಿತ್ತು. ರಾಮ್ ಸುಭಗ್ ಸಿಂಗ್ ಲೋಕಸಭೆಯಲ್ಲಿ ಪ್ರಶ್ನೆ ಎತ್ತಿದರು. ಸರಿಯಾದ ಉತ್ತರ ಸಿಗಲಿಲ್ಲ, ಬಿಡಲೂ ಇಲ್ಲ. ಡಿಸೆಂಬರಿನಲ್ಲಿ ಫಿರೋಜ್ ಗಾಂಧಿ ದಾಖಲೆ ಹಿಡಿದು ನಿಂತರು. ಇಬ್ಬರೂ ಆಡಳಿತ ಪಕ್ಷದವರೇ, ಫಿರೋಜ್ ಅಂತೂ ಪ್ರಧಾನಿ ನೆಹರೂ ಅವರ ಅಳಿಯ! ನ್ಯಾಯಮೂರ್ತಿ ಛಾಗ್ಲಾ ಆಯೋಗ ಬಹಿರಂಗ ವಿಚಾರಣೆ ನಡೆಸಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಇವತ್ತು ಆಡಳಿತ ಪಕ್ಷದವರು ತಮ್ಮದೇ ಸಚಿವರನ್ನು ಹೀಗೆ ಕೇಳ್ತಾರಾ? ನನಗೆ ನಂಬಿಕೆ ಇಲ್ಲ.

ಹುಳುಕೂ ಇದೆ. ಪ್ರಶ್ನೆ ಕೇಳೋಕೆ ದುಡ್ಡು ತಗೊಂಡರು ಅಂತ 2005ರಲ್ಲಿ 11 ಸಂಸದರನ್ನು ಉಚ್ಚಾಟಿಸಿದರು. 2020ರಲ್ಲಿ ಸಂಸತ್ತಿನ ಮಳೆಗಾಲದ ಅಧಿವೇಶನದಲ್ಲಿ ಕೊರೊನಾ ಕಾರಣ ಕೊಟ್ಟು ಪ್ರಶ್ನೋತ್ತರ ಅವಧಿಯನ್ನೇ ಕೈಬಿಟ್ಟರು, ಬರೀ ಲಿಖಿತ ಉತ್ತರ. ಗದ್ದಲದಲ್ಲಿ ಆ ಅವಧಿ ಕೊಚ್ಚಿಹೋಗುವುದಂತೂ ಮಾಮೂಲು. ವಿರೋಧ ಪಕ್ಷದವರೇ ಸದನದ ‘ಬಾವಿ’ಗೆ, ಅಂದರೆ ಸಭಾಧ್ಯಕ್ಷರ ಪೀಠದ ಮುಂದಿನ ಜಾಗಕ್ಕೆ ಇಳಿದು ತಮ್ಮ ಅಸ್ತ್ರ ತಾವೇ ಕಳ್ಕೊಳ್ಳೋದು ನೋಡಿದರೆ ಬೇಜಾರಾಗುತ್ತದೆ.

ಸಚಿವರು ‘ಕ್ರಮ ಕೈಗೊಳ್ಳುತ್ತೇವೆ’ ಅಂದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಆ ಮಾತು ಜಾರಿಯಾಯಿತಾ ಅಂತ ನೋಡೋಕೆ ಭರವಸೆಗಳ ಸಮಿತಿ ಇದೆ.

ನಿಮ್ಮೂರಿನ ವಿಷಯ ಏನಾದರೂ ಇದ್ದರೆ ಶಾಸಕರಿಗೆ ಬರೀ ಮನವಿ ಕೊಡಬೇಡಿ, ಪ್ರಶ್ನೆಯನ್ನೇ ಅ, ಆ, ಇ ಅಂತ ಬರೆದುಕೊಡಿ. ‘ಗಮನಕ್ಕೆ ಬಂದಿದೆಯೇ’ ಅಂತ ಮಾತ್ರ ಶುರು ಮಾಡಬೇಡಿ.