ಸ್ನೇಹಿತರೆಲ್ಲ ಒಪ್ಪುವ ‘ಅತ್ಯುತ್ತಮ ಹತ್ತು ಕನ್ನಡ ಚಿತ್ರ’ಗಳ ಪಟ್ಟಿಗೆ ಮಾನದಂಡ ಯಾವುದು?

ಮಾನದಂಡ ಹುಡುಕಬೇಡಿ, ಪಟ್ಟಿಯನ್ನು ಇವತ್ತೇ ಹರಿದುಹಾಕಿ. ವಾರಕ್ಕೊಂದು ಚಿತ್ರ ನೋಡಿ ಕೊನೆಗೆ ಜಗಳವಾಡಿಕೊಂಡೇ ಏಳುತ್ತೇವೆ, ಅಂಕ ಹಾಕಿದರೆ ಜಗಳ ನಿಲ್ಲಬಹುದೇ ಎಂದು ಕೇಳಿದ್ದೀರಿ. ನಿಲ್ಲುತ್ತದೆ. ನಮ್ಮಲ್ಲಿ ನಿಂತಿತು. ಜಗಳದ ಹಿಂದೆಯೇ ಮಾತೂ ನಿಂತಿತು.

ನಾನು ತಿಪಟೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೆ. ಡಿವಿಡಿಗಳು ಇನ್ನೂ ಚಾಲ್ತಿಯಲ್ಲಿದ್ದ ಕಾಲ. ಫೋಟೋ ಸ್ಟುಡಿಯೋ ಒಂದರ ಮಹಡಿಯಲ್ಲಿ ಖಾಲಿ ಕೋಣೆಯಿತ್ತು, ಅದರಲ್ಲೊಂದು ಹಳೆಯ ದಪ್ಪ ಟೀವಿ. ಭಾನುವಾರ ಊಟ ಮುಗಿಸಿ ಅಲ್ಲಿ ಸೇರುತ್ತಿದ್ದವರು ಸ್ಟುಡಿಯೋ ಮಾಲೀಕರು, ಹೈಸ್ಕೂಲಿನ ಗಣಿತದ ಮೇಷ್ಟ್ರು, ಕೊಬ್ಬರಿ ಮಂಡಿಯವರ ಮಗ, ನಾನು ಮತ್ತು ಆಪರೇಟರ್. ಈ ಆಪರೇಟರಿಗೆ ಅರವತ್ತರ ಹತ್ತಿರ ವಯಸ್ಸು. ಮೊದಲು ಟೂರಿಂಗ್ ಟಾಕೀಸಿನಲ್ಲಿ, ಆಮೇಲೆ ಪೇಟೆಯ ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ನಡೆಸಿದವರು. ಡಿಜಿಟಲ್ ಬಂದ ಮೇಲೆ ಕೆಲಸ ಬಿಟ್ಟಿದ್ದರು. ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ದುಂಡನೆಯ ಚುಕ್ಕೆ ಮಿಂಚಿ ಮಾಯವಾಗುತ್ತದಲ್ಲ, ರೀಲು ಮುಗಿಯುತ್ತಿದೆ ಎಂಬ ಸೂಚನೆ, ಅದು ಹಳೆಯ ಪ್ರಿಂಟಿನಿಂದ ಮಾಡಿದ ಡಿವಿಡಿಗಳಲ್ಲೂ ಕಾಣಿಸುತ್ತಿತ್ತು. ಕಂಡೊಡನೆ ಅವರ ಬಲಗೈ ತಾನಾಗಿಯೇ ಎದ್ದುಬಿಡುತ್ತಿತ್ತು, ಪಕ್ಕದ ಯಂತ್ರಕ್ಕೆ ಬದಲಾಯಿಸಲು. ನಾವು ನಗುತ್ತಿದ್ದೆವು, ಅವರೂ ನಗುತ್ತಿದ್ದರು.

ಜಗಳಗಳೇನೂ ಕಡಿಮೆ ಇರಲಿಲ್ಲ. ರಾಜ್ ಕಡೆಯವರು, ವಿಷ್ಣು ಕಡೆಯವರು, ರೀಮೇಕ್ ಎಂದರೆ ಮೂಗು ಮುರಿಯುವವರು, ‘ಅವಾರ್ಡ್ ಸಿನಿಮಾ’ ಎಂದು ಹಂಗಿಸುವವರು, ಎಲ್ಲ ಜಾತಿಯವರೂ ಆ ಐದು ಜನರೊಳಗೇ ಇದ್ದೆವು. ಒಂದು ಭಾನುವಾರ ‘ನಾಗರಹಾವು’ ನೋಡಿದ ಮೇಲೆ ಮೇಷ್ಟ್ರಿಗೂ ಮಂಡಿ ಹುಡುಗನಿಗೂ ಎಷ್ಟು ಬಿರುಸಾಗಿ ಹತ್ತಿಕೊಂಡಿತೆಂದರೆ ಕೆಳಗಿನಿಂದ ಸ್ಟುಡಿಯೋ ಹುಡುಗ ಓಡಿಬಂದು ನೋಡಿದ. ಚಿತ್ರದ ನಾಯಕ ರಾಮಾಚಾರಿ ಹಾಳಾದದ್ದು ಅವನ ಗುರು ಚಾಮಯ್ಯ ಮೇಷ್ಟ್ರಿಂದಲೇ ಎಂದು ಹುಡುಗನ ವಾದ. ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡು ಎಂದು ಕೇಳಿದಾಗಲೇ ಅವರು ಶಿಷ್ಯನನ್ನು ಬೆಟ್ಟದಿಂದ ತಳ್ಳಿಯಾಗಿತ್ತು, ಕೊನೆಯಲ್ಲಿ ಅವರು ಬಿದ್ದದ್ದು ಬರೀ ಬಡ್ಡಿ ಎಂದ. ಗಣಿತದ ಮೇಷ್ಟ್ರಿಗೆ ಅದು ಸ್ವಂತ ಅವಮಾನವಾದಂತಾಯಿತು. ಕಾದಂಬರಿ ತಂದು ತೋರಿಸಿದರು, ಚಿತ್ರ ಅದನ್ನು ಬರೆದ ತ.ರಾ.ಸು. ಅವರಿಗೇ ಹಿಡಿಸಿರಲಿಲ್ಲ ಎಂದರು, ನಿರ್ದೇಶಕ ಪುಟ್ಟಣ್ಣ ಕಣಗಾಲರು ಮೂರು ಕಾದಂಬರಿಗಳನ್ನು ಒಂದು ಚಿತ್ರಕ್ಕೆ ಬಗ್ಗಿಸಿದ್ದರಿಂದ ಈ ಗತಿ ಎಂದರು. ಆ ವಾದ ತಿಂಗಳುಗಟ್ಟಲೆ ನಡೆಯಿತು. ಈಗ ಯೋಚಿಸಿದರೆ ನಮ್ಮ ಬಳಗದ ಅತ್ಯಂತ ಒಳ್ಳೆಯ ದಿನಗಳು ಅವೇ.

ಆದರೆ ಆಗ ನನಗೆ ತಲೆನೋವು ಎನಿಸಿತು. ಬ್ಯಾಂಕಿನವನಲ್ಲವೇ, ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತಂದೆ. ಕಥೆ, ಅಭಿನಯ, ನಿರ್ದೇಶನ, ಛಾಯಾಗ್ರಹಣ, ಸಂಗೀತ ಎಂದು ಐದು ಕಾಲಂ ಎಳೆದೆ. ಒಂದೊಂದಕ್ಕೆ ಹತ್ತು ಅಂಕ. ಎಲ್ಲರೂ ಹಾಕಬೇಕು, ಸರಾಸರಿ ತೆಗೆಯಬೇಕು, ವರ್ಷದ ಕೊನೆಗೆ ಮೊದಲ ಹತ್ತು ಚಿತ್ರಗಳ ಪಟ್ಟಿ ಸಿದ್ಧ. ನೀವು ಮಾಡಹೊರಟಿರುವುದೂ ಇದನ್ನೇ, ಆದ್ದರಿಂದ ಇದು ಎಲ್ಲೆಲ್ಲಿ ಕೈಕೊಡುತ್ತದೆ ಎಂಬುದನ್ನು ಸ್ವಲ್ಪ ಹಿಗ್ಗಿಸಿಯೇ ಹೇಳುತ್ತೇನೆ, ಬೇಸರಿಸಬೇಡಿ.

ಮೊದಲನೆಯದು ಸರಾಸರಿ. ಉಪೇಂದ್ರರ ‘ಎ’ ನೋಡಿದೆವು. 1998ರಲ್ಲಿ ಕಥೆಯನ್ನು ಹಿಂದುಮುಂದಾಗಿ ಹೇಳಿ ಜನರ ತಲೆ ಕೆಡಿಸಿದ ಚಿತ್ರ. ಆಪರೇಟರ್ ಲೆಕ್ಕ ಬೇರೆ, ಅದನ್ನು ಮುಂದೆ ಹೇಳುತ್ತೇನೆ. ಉಳಿದ ನಾಲ್ವರಲ್ಲಿ ಇಬ್ಬರು ಹತ್ತಕ್ಕೆ ಹತ್ತು ಕೊಟ್ಟರು, ಇಬ್ಬರು ಎರಡು ಕೊಟ್ಟರು. ಸರಾಸರಿ ಆರು. ಅದರ ಹಿಂದಿನ ವಾರ ನೋಡಿದ, ಹೆಸರೂ ನೆನಪಿಲ್ಲದ ಒಂದು ಸಪ್ಪೆ ಸಂಸಾರದ ಕಥೆಗೆ ಆ ನಾಲ್ವರೂ ಏಳೇಳು ಕೊಟ್ಟಿದ್ದರು. ಪುಸ್ತಕದಲ್ಲಿ ಅದು ಮೇಲೆ, ‘ಎ’ ಕೆಳಗೆ! ಯಾರೂ ಪ್ರೀತಿಸದ ಚಿತ್ರವೊಂದು, ಯಾರೂ ದ್ವೇಷಿಸಲಿಲ್ಲವೆಂಬ ಒಂದೇ ಕಾರಣಕ್ಕೆ ಗೆದ್ದುಬಿಟ್ಟಿತು. ಗಣಿತದ ಮೇಷ್ಟ್ರು ಕೂಡ ಇದನ್ನು ಗಮನಿಸಲಿಲ್ಲ, ಅಥವಾ ಗಮನಿಸಿ ಸುಮ್ಮನಿದ್ದರು.

ಎರಡನೆಯದು ಲೆಕ್ಕಾಚಾರ. ಮಂಡಿ ಹುಡುಗ ವ್ಯಾಪಾರಸ್ಥರ ಮನೆಯವನು. ತಾನು ತಂದ ಚಿತ್ರ ಮೇಲೆ ಉಳಿಯಬೇಕೆಂದರೆ ಉಳಿದವರದಕ್ಕೆ ಒಂದೆರಡು ಅಂಕ ಮುರಿದುಕೊಳ್ಳಬೇಕೆಂದು ಮೂರನೆಯ ವಾರಕ್ಕೇ ಕಂಡುಕೊಂಡ. ನಾಲ್ಕನೆಯ ವಾರಕ್ಕೆ ನಾವೆಲ್ಲರೂ ಕಂಡುಕೊಂಡೆವು.

ಮೂರನೆಯದು ಆಪರೇಟರ್. ಅವರು ಎಲ್ಲ ಚಿತ್ರಗಳಿಗೂ, ಎಲ್ಲ ಕಾಲಂಗಳಲ್ಲೂ ಹತ್ತೇ ಬರೆಯುತ್ತಿದ್ದರು. “ಕಷ್ಟಪಟ್ಟು ತೆಗೆದಿರುತ್ತಾರೆ ಸಾರ್, ಕಡಿಮೆ ಹಾಕಲು ಕೈ ಬರುವುದಿಲ್ಲ” ಎಂದರು. ನಾನು ನಗುತ್ತಲೇ, “ಹಾಗಾದರೆ ನಿಮ್ಮ ಅಂಕ ಲೆಕ್ಕಕ್ಕೆ ಹಿಡಿಯುವುದಿಲ್ಲ ಅಣ್ಣಾ” ಎಂದು ಅವರ ಸಾಲಿನ ಮೇಲೆ ಗೀಟು ಎಳೆದೆ. ಎಲ್ಲರೆದುರಿಗೆ, ಕೆಂಪು ಪೆನ್ನಿನಲ್ಲಿ.

ಅವರ ಸರದಿ ಬಂದಾಗ ತಂದದ್ದು ‘ಸಂಪತ್ತಿಗೆ ಸವಾಲ್’. ಪಿ.ಬಿ. ಧುತ್ತರಗಿಯವರ ನಾಟಕ ಆಧರಿಸಿದ 1974ರ ಚಿತ್ರ, ಎಮ್ಮೆಯ ಮೇಲೆ ಕುಳಿತು ರಾಜ್‌ಕುಮಾರ್ ಸ್ವತಃ ಹಾಡಿದ ಹಾಡು ಇರುವುದು ಇದರಲ್ಲೇ. ಹೆಣ್ಣಿನ ಸೊಕ್ಕು ಮುರಿಯುವ ಕಥೆಗೆ ಈಗ ಹೇಗೆ ಅಂಕ ಕೊಡುವುದು ಎಂದು ಮೇಷ್ಟ್ರು ತೆಗೆದರು. ಒಳ್ಳೆಯ ಪ್ರಶ್ನೆಯೇ. ಒಂದು ವರ್ಷದ ಹಿಂದಾಗಿದ್ದರೆ ಅದರ ಮೇಲೆ ಸಂಜೆಯೆಲ್ಲ ಹೊಡೆದಾಡುತ್ತಿದ್ದೆವು. ಈಗ ಅವರು ಕಥೆಯ ಕಾಲಂನಲ್ಲಿ ಮೂರು ಬರೆದು ಪುಸ್ತಕವನ್ನು ಪಕ್ಕಕ್ಕೆ ದಾಟಿಸಿದರು. ಐವತ್ತಕ್ಕೆ ಇಪ್ಪತ್ತೆರಡೋ ಏನೋ ಬಂತು. ಟೀ ಕುಡಿದು ಹೊರಟೆವು.

ಮುಂದಿನ ಸರದಿಗೆ ಆಪರೇಟರ್ ‘ಘಟಶ್ರಾದ್ಧ’ ತಂದರು. “ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂದ ಚಿತ್ರ ಸಾರ್, ನಿಮಗೆಲ್ಲ ಹಿಡಿಸುತ್ತದೆ” ಎಂದರು. ನಿಮಗೆ ಎಂದರು, ನನಗೆ ಎನ್ನಲಿಲ್ಲ. ಗಿರೀಶ್ ಕಾಸರವಳ್ಳಿಯವರ ಆ ಚಿತ್ರ ನನ್ನ ಮಟ್ಟಿಗೆ ಕನ್ನಡದ ಅತಿ ದೊಡ್ಡ ಚಿತ್ರಗಳಲ್ಲಿ ಒಂದು, ಅದರ ಬಗ್ಗೆ ತಕರಾರಿಲ್ಲ. ಎಲ್ಲರೂ ಒಂಬತ್ತು, ಹತ್ತು ಕೊಟ್ಟರು. ಆಪರೇಟರ್ ಪಾಸಾದರು. ಆಮೇಲೆ ಅವರು ಬರಲಿಲ್ಲ.

ಎಷ್ಟೋ ದಿನಗಳ ನಂತರ ಟೀ ಅಂಗಡಿಯವರು ಹೇಳಿದ ಮೇಲೆ ಗೊತ್ತಾಯಿತು. ಟೂರಿಂಗ್ ಟಾಕೀಸಿನಲ್ಲಿ ಅವರು ಇನ್ನೂ ಹುಡುಗ, ಕೆಲಸ ಕಲಿಯುತ್ತಿದ್ದವರು. ಎಮ್ಮೆಯ ಹಾಡು ಬಂದರೆ ಟೆಂಟಿನೊಳಗೆ ಚಿಲ್ಲರೆ ಹಾರುತ್ತಿತ್ತು, ‘ಒನ್ಸ್ ಮೋರ್’ ಕೂಗು ಏಳುತ್ತಿತ್ತು. ಪ್ರೊಜೆಕ್ಟರ್ ನಿಲ್ಲಿಸಿ, ಬಿಸಿ ರೀಲನ್ನು ಕೈಯಲ್ಲೇ ಹಿಂದಕ್ಕೆ ಸುತ್ತಿ, ಹಾಡನ್ನು ಮತ್ತೆ ತೋರಿಸದಿದ್ದರೆ ಕುರ್ಚಿ ಮುರಿಯುತ್ತಿದ್ದರು. ಅವಸರದಲ್ಲಿ ಫಿಲ್ಮಿನ ಅಂಚು ಸೀಳಿದ ಗಾಯದ ಗುರುತು ಅವರ ಹೆಬ್ಬೆರಳಿನಲ್ಲಿ ಇನ್ನೂ ಇದೆಯಂತೆ. ಆ ಬೆರಳನ್ನು ವರ್ಷಗಟ್ಟಲೆ ಪಕ್ಕದಲ್ಲೇ ನೋಡಿದವರು ನಾವು. ಈ ಕಥೆ ಟೀ ಅಂಗಡಿಯವರಿಗೆ ಸಿಕ್ಕಿತು, ನಮಗೆ ಸಿಗಲಿಲ್ಲ. ಅದನ್ನು ಬರೆದುಕೊಳ್ಳಲು ನನ್ನ ಪುಸ್ತಕದಲ್ಲಿ ಕಾಲಂ ಎಲ್ಲಿತ್ತು?

ಬಸ್ ನಿಲ್ದಾಣದಲ್ಲಿ ಒಮ್ಮೆ ಸಿಕ್ಕಿದಾಗ ಮರ್ಯಾದೆಯಿಂದಲೇ ಮಾತನಾಡಿಸಿದರು. ಹೋಗುವಾಗ ಕೇಳಿದ್ದು ಒಂದೇ: “ಪುಸ್ತಕ ತುಂಬಿತೇ ಸಾರ್?” ತುಂಬಿರಲಿಲ್ಲ. ಬಳಗವೇ ಚದುರಿಹೋಗಿತ್ತು.

ಪಟ್ಟಿಗಳನ್ನು ದೊಡ್ಡವರೂ ಮಾಡುತ್ತಾರಲ್ಲ ಎನ್ನುತ್ತೀರೇನೋ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳಿ ಜಗತ್ತಿನ ಶ್ರೇಷ್ಠ ಚಿತ್ರಗಳ ಪಟ್ಟಿ ಮಾಡುತ್ತಿದೆ. ಮೊದಲ ಸಲ ‘ಬೈಸಿಕಲ್ ಥೀವ್ಸ್’ ಮೇಲೆ ಬಂತು. 1962ರಿಂದ 2002ರವರೆಗೆ ‘ಸಿಟಿಜನ್ ಕೇನ್’ ಜಗ್ಗಲಿಲ್ಲ. 2012ರಲ್ಲಿ ‘ವರ್ಟಿಗೋ’. 2022ರಲ್ಲಿ ಶಾಂತಾಲ್ ಅಕರ್ಮನ್ ಅವರ ‘ಜೀನ್ ಡೀಲ್ಮನ್’, ಒಬ್ಬ ಹೆಂಗಸು ಆಲೂಗಡ್ಡೆ ಸುಲಿಯುವುದನ್ನು ನಿಮಿಷಗಟ್ಟಲೆ ತೋರಿಸುವ 1975ರ ಚಿತ್ರ. ಚಿತ್ರಗಳು ಇದ್ದಂತೆಯೇ ಇವೆ, ಮತ ಹಾಕುವವರು ಬದಲಾದರು. ಅಲ್ಲೂ ಯಾರೂ ಕಾಲಂ ಎಳೆದು ಅಂಕ ಹಾಕುವುದಿಲ್ಲ. ಒಬ್ಬೊಬ್ಬರೂ ಹತ್ತು ಹೆಸರು ಕೊಡುತ್ತಾರೆ, ಅಷ್ಟೆ. ಯಾರು ಯಾವ ಹತ್ತು ಕೊಟ್ಟರು ಎಂಬುದೂ ಪ್ರಕಟವಾಗುತ್ತದೆ. ನಾನು ಓದುವುದು ಅದನ್ನು ಮಾತ್ರ. ಒಟ್ಟು ಪಟ್ಟಿ ನನಗೆ ಬೇಡ.

‘ಲೋಕೋ ಭಿನ್ನರುಚಿಃ’ ಎಂದು ಕೈಮುಗಿದು ಎದ್ದುಬಿಡಿ ಎಂದೂ ನಾನು ಹೇಳುತ್ತಿಲ್ಲ. ಅದು ಅಂಕಕ್ಕಿಂತ ದೊಡ್ಡ ಸೋಮಾರಿತನ. ಜಗಳವಾಡಿ, ಚೆನ್ನಾಗಿ ಆಡಿ. ಆದರೆ ಯಾವ ಚಿತ್ರ ದೊಡ್ಡದು ಎಂದಲ್ಲ, ಚಿತ್ರದೊಳಗೆ ಇಳಿದು. ‘ಬಂಗಾರದ ಮನುಷ್ಯ’ದ ರಾಜೀವ ಕೊನೆಯಲ್ಲಿ ಮನೆ ಬಿಟ್ಟು ಹೊರಟದ್ದು ಸರಿಯೇ ಎಂದು ಕೇಳಿ ನೋಡಿ, ಆಸ್ತಿ ಪಾಲಾದ ಮನೆಯವರು ಒಂದು ಉತ್ತರ ಕೊಡುತ್ತಾರೆ, ಆಗದವರು ಇನ್ನೊಂದು. ಚಿತ್ರ ತಂದವರು ಮೊದಲು ಮಾತನಾಡಲಿ, ಅದನ್ನು ಎಲ್ಲಿ, ಯಾರ ಜೊತೆ ನೋಡಿದರು ಎಂಬುದರಿಂದಲೇ ಶುರುಮಾಡಲಿ. ಅವರು ಮುಗಿಸುವವರೆಗೆ ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ಮೊಬೈಲ್ ಹೊರಗಿಡಿ. ಇದಿಷ್ಟೇ ನನ್ನ ನಿಯಮ.

ಇನ್ನು, ನಿಮ್ಮ ಕರಡು ಪಟ್ಟಿಯಲ್ಲಿ ‘ಶರಪಂಜರ’ಕ್ಕೆ ಏಳನೆಯ ಸ್ಥಾನ ಕೊಟ್ಟಿದ್ದೀರಿ, ಮಾನಸಿಕ ಆಸ್ಪತ್ರೆಯಿಂದ ಮರಳಿದ ನಾಯಕಿ ಕಾವೇರಿಗೆ ಆಸರೆಯಾಗದ ಗಂಡನ ಪಾಡೂ ಪಾಪ ಎಂದು ನಿಮ್ಮ ಗೆಳೆಯರೊಬ್ಬರು ಹೇಳಿದ್ದಕ್ಕೆ ಎಲ್ಲರೂ ಅವರ ಮೇಲೆ ಬಿದ್ದರು ಎಂದೂ ಬರೆದಿದ್ದೀರಿ. ನನಗೂ ಆ ಗಂಡನನ್ನು ಕಂಡರೆ ಮೈ ಉರಿಯುತ್ತದೆ. ಆದರೂ ಮುಂದಿನ ಭಾನುವಾರ ಆ ಗೆಳೆಯರಿಗೇ ಮೊದಲು ಮಾತು ಕೊಡಿ, ಅವರೇನು ಹೇಳಿದರು ಎಂದು ಇಲ್ಲಿ ಬಂದು ಬರೆಯಿರಿ.