ಬ್ಯಾರೆಲ್ ಒಳಗೆ ಎಣ್ಣೆ ಬೇಡ

ಪ್ರಶ್ನೆ: ನನ್ನ ಹತ್ತಿರ ಬ್ಯಾಟರಿಯ ಏರ್‌ಸಾಫ್ಟ್ ರೈಫಲ್ (ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಗನ್) ಇದೆ. ಮೊದಲು ಬಿಬಿ, ಅಂದರೆ ಅದರ ಸಣ್ಣ ಗುಂಡು, ನೇರವಾಗಿ ಹೋಗುತ್ತಿತ್ತು. ಈಗೀಗ ಎಡಕ್ಕೆ ವಾಲುತ್ತದೆ, ಕೆಲವು ಅರ್ಧ ದಾರಿಯಲ್ಲೇ ಬೀಳುತ್ತವೆ. ಜೊತೆಗೆ ಆಡುವವರ ಮಾತು ಕೇಳಿ ಬ್ಯಾರೆಲ್ ಒಳಗೆ ಸಿಲಿಕೋನ್ ಸ್ಪ್ರೇ ಹೊಡೆದೆ. ಇನ್ನೂ ಕೆಟ್ಟಿತು. ಬ್ಯಾರೆಲ್ ಬದಲಿಸಬೇಕಾ ಸರ್?

ಉತ್ತರ: ಬೇಡ, ದುಡ್ಡು ಉಳಿಸಿಕೊಳ್ಳಿ. ಗುಂಡು ಓಡಾಡುವ ದಾರಿಯಲ್ಲಿ ಎಣ್ಣೆ ಇರಬಾರದು. ರಿಪೇರಿಗೆ ಬಂದ ಗನ್ ಬಿಚ್ಚಿದಾಗ ನನಗೆ ಮತ್ತೆ ಮತ್ತೆ ಸಿಗುವುದು ಇದೇ ತೊಂದರೆ.

ಗುಂಡು ಹೋಗುವ ಒಳಗಿನ ಕೊಳವೆ, ಅಂದರೆ ಇನ್ನರ್ ಬ್ಯಾರೆಲ್‌ನ ಹಿಂದಿನ ತುದಿಯಲ್ಲಿ ಹಾಪ್-ಅಪ್ ರಬ್ಬರ್ ಇದೆ. ಅದರೊಳಗಿನ ಸಣ್ಣ ಉಬ್ಬು ಬಿಬಿಯ ತಲೆಯನ್ನು ಒಂದು ಕ್ಷಣ ಹಿಡಿದು, ಅದು ಹಿಮ್ಮುಖವಾಗಿ ಗಿರಗಿರನೆ ತಿರುಗುವಂತೆ ಮಾಡುತ್ತದೆ. ಆ ತಿರುಗುವಿಕೆಯಿಂದಲೇ ಇಷ್ಟು ಹಗುರವಾದ ಗುಂಡು ಗಾಳಿಯಲ್ಲಿ ಮೇಲೆದ್ದು ದೂರ ಹೋಗುವುದು. ರಬ್ಬರ್ ಮೇಲೆ ಎಣ್ಣೆ ಕೂತರೆ ಹಿಡಿತ ಜಾರುತ್ತದೆ, ಗುಂಡು ಬೇಗ ಬೀಳುತ್ತದೆ. ಒಂದು ಪಕ್ಕದಲ್ಲಿ ಮಾತ್ರ ಕೊಳೆ ಇದ್ದರೆ ತಿರುಗುವಿಕೆ ಓರೆಯಾಗಿ, ಗುಂಡು ಪಕ್ಕಕ್ಕೆ ಬಾಗುತ್ತದೆ. ನಿಮ್ಮ ಗನ್‌ನಲ್ಲಿ ಎರಡೂ ಆಗಿರುವಂತಿದೆ.

ಸ್ವಚ್ಛ ಮಾಡುವ ಮುಂಚೆ ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿಕೊಳ್ಳಿ. ಮ್ಯಾಗಜೀನ್ ತೆಗೆಯಿರಿ. ಸುರಕ್ಷಿತ ದಿಕ್ಕಿಗೆ ಒಂದೆರಡು ಸಲ ಖಾಲಿ ಹೊಡೆದು, ಒಳಗೆ ಬಿಬಿ ಉಳಿದಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಆಮೇಲೆ ಬ್ಯಾಟರಿ ಕಳಚಿ ದೂರ ಇಡಿ. ಜೋಡಿಸಿದ ಗನ್‌ನ ಬಾಯಿಗೆ ಕಣ್ಣಿಟ್ಟು ನೋಡುವ ಅಭ್ಯಾಸ ಯಾವತ್ತೂ ಬೇಡ. ಖಾಲಿ ಅಂತ ಗೊತ್ತಿದ್ದರೂ ಬೇಡ.

ಈಗ ಹಾಪ್-ಅಪ್ ಹೊಂದಿಸುವ ತಿರುಗಣೆಯನ್ನು ಪೂರ್ತಿ ಸೊನ್ನೆಗೆ ತಿರುಗಿಸಿ. ಇದನ್ನು ಮರೆತು ರಾಡ್ ತೂರಿಸಿದರೆ ರಬ್ಬರ್ ಉಬ್ಬು ಹರಿಯಬಹುದು, ಅಥವಾ ಜಾಗ ಬಿಟ್ಟು ಸರಿಯಬಹುದು. ಗನ್ ಜೊತೆ ಬಂದ ಪ್ಲಾಸ್ಟಿಕ್ ಕ್ಲೀನಿಂಗ್ ರಾಡ್‌ನ ಸೀಳಿನಲ್ಲಿ ನೂಲು ಬಿಡದ ಹತ್ತಿ ಬಟ್ಟೆಯ ತೆಳುಪಟ್ಟಿ ಸಿಕ್ಕಿಸಿ, ರಾಡ್‌ನ ತುದಿ ಕಾಣದ ಹಾಗೆ ಸುತ್ತಿ. ಒಳಗೆ ಸ್ವಲ್ಪ ಬಿಗಿಯಾಗಿ ಜಾರಬೇಕು, ಅಷ್ಟೇ. ತಳ್ಳಲು ಬಲ ಬೇಕಾದರೆ ಬಟ್ಟೆ ಜಾಸ್ತಿಯಾಗಿದೆ, ಕಡಿಮೆ ಮಾಡಿ. ಸಿಕ್ಕಿಹಾಕಿಕೊಂಡ ಬಟ್ಟೆ ತೆಗೆಯುವುದು ಬಹಳ ಕಷ್ಟ. ಉಕ್ಕಿನ ಕಡ್ಡಿ, ಸೈಕಲ್ ಸ್ಪೋಕ್ ಮಾತ್ರ ಬಳಸಬೇಡಿ. ಎಷ್ಟೋ ಬ್ಯಾರೆಲ್‌ಗಳು ಹಿತ್ತಾಳೆ ಅಥವಾ ಅಲ್ಯೂಮಿನಿಯಂನವು, ಗೀರು ಬಿದ್ದರೆ ಹೋಗುವುದಿಲ್ಲ.

ಬಟ್ಟೆಯ ತುದಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಕೆಲವೇ ಹನಿ ಸಾಕು, ತೊಟ್ಟಿಕ್ಕಬಾರದು. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಇರಬಾರದು. ಬ್ಯಾರೆಲ್‌ನ ಬಾಯಿಂದ ತೂರಿಸಿ, ನಿಧಾನವಾಗಿ ಹಿಂದೆ ಮುಂದೆ ಎಳೆಯಿರಿ. ಹಾಪ್-ಅಪ್ ಇರುವ ಕೊನೆಯ ಭಾಗಕ್ಕೆ ಒದ್ದೆ ಬಟ್ಟೆ ಹೋಗದಂತೆ ರಾಡ್ ಮೇಲೆ ಟೇಪಿನಿಂದ ಗುರುತು ಮಾಡಿಕೊಂಡರೆ ಒಳ್ಳೆಯದು. ಬಟ್ಟೆ ಕಪ್ಪಾದರೆ ಬದಲಿಸಿ. ಕೊನೆಗೆ ಒಣ ಬಟ್ಟೆ. ಅದು ಬಿಳಿಯಾಗಿಯೇ ಹೊರಬಂದಾಗ ನಿಲ್ಲಿಸಿ.

ನೀವು ಸ್ಪ್ರೇ ಹೊಡೆದಿರುವುದರಿಂದ ರಬ್ಬರ್ ಮೇಲೂ ಎಣ್ಣೆ ಇರುತ್ತದೆ. ಒಣ ಬಟ್ಟೆಯನ್ನು ಮೆಲ್ಲಗೆ ಅಲ್ಲಿಯವರೆಗೂ ಕಳುಹಿಸಿ. ಬಿಚ್ಚಲು ಬಂದರೆ ರಬ್ಬರ್ ತೆಗೆದು, ಸೋಪು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕುವುದೇ ಸರಿ. ಮರಳಿ ಹಾಕುವಾಗ ಬ್ಯಾರೆಲ್‌ನ ಕಿಂಡಿಯ ಅಂಚು ಚೂಪಾಗಿರುತ್ತದೆ, ಎಳೆದಾಡಬೇಡಿ.

ಆಲ್ಕೊಹಾಲ್ ಆರಿದ ಮೇಲೆಯೇ ಬ್ಯಾಟರಿ ಹಾಕಿ. ಮೊದಲ ಕೆಲವು ಗುಂಡು ಆಚೀಚೆ ಹೋದರೆ ಗಾಬರಿ ಬೇಡ. ಕೂಡಲೇ ಹಾಪ್-ಅಪ್ ತಿರುಗಿಸುತ್ತಾ ಕೂರಬೇಡಿ, ಅರ್ಧ ಮ್ಯಾಗಜೀನ್ ಹೊಡೆದು ನೋಡಿ.

ಪ್ರಶ್ನೆ: ಮನೆಯಲ್ಲಿ ಬಾಗಿಲ ಕೀಲಿಗೆ ಹಾಕುವ ತುಕ್ಕು ನಿವಾರಕ ಸ್ಪ್ರೇ ಇದೆ. ಗನ್‌ಗೂ ಅದೇ ನಡೆಯುತ್ತಾ?

ಉತ್ತರ: ಇಲ್ಲ. ಅವುಗಳಲ್ಲಿ ಸಾಮಾನ್ಯವಾಗಿ ಪೆಟ್ರೋಲಿಯಂ ಅಂಶ ಇರುತ್ತದೆ. ರಬ್ಬರ್ ಉಬ್ಬುತ್ತದೆ, ಮೆತ್ತಗಾಗುತ್ತದೆ, ಸೀಲ್‌ಗಳು ಹಾಳಾಗುತ್ತವೆ. ಗ್ಯಾಸ್ ಪಿಸ್ತೂಲಿನ ಸ್ಲೈಡ್, ಮ್ಯಾಗಜೀನ್ ಸೀಲ್‌ಗೆ ಶುದ್ಧ ಸಿಲಿಕೋನ್ ಆಯಿಲ್ ಒಂದು ಹನಿ ಹಾಕಿ. ಅಂದಹಾಗೆ, ಗ್ಯಾಸ್ ಗನ್‌ಗೆ ತುಂಬುವ ಗ್ರೀನ್ ಗ್ಯಾಸ್‌ನಲ್ಲೇ ಸಾಮಾನ್ಯವಾಗಿ ಸಿಲಿಕೋನ್ ಬೆರೆತಿರುತ್ತದೆ. ಅದು ಪ್ರತಿ ಹೊಡೆತಕ್ಕೂ ಸ್ವಲ್ಪ ಬ್ಯಾರೆಲ್ ಸೇರುತ್ತದೆ. ಹಾಗಾಗಿ ಗ್ಯಾಸ್ ಗನ್ ಇರುವವರು ಬ್ಯಾರೆಲ್ ಅನ್ನು ಇನ್ನೂ ಬೇಗ ಬೇಗ ಒರೆಸಬೇಕು.

ಪ್ರಶ್ನೆ: 6.01 ಮಿ.ಮೀ. ಟೈಟ್‌ಬೋರ್ (ಒಳ ರಂಧ್ರ ಕಿರಿದಾದ) ಬ್ಯಾರೆಲ್ ಹಾಕಿದರೆ ಗುರಿ ಸುಧಾರಿಸುತ್ತಾ? ಈಗಿರುವುದು 6.08.

ಉತ್ತರ: ಬಿಬಿಗಳನ್ನು 6 ಮಿ.ಮೀ. ಎಂದು ಕರೆದರೂ ಒಳ್ಳೆಯವು ಸುಮಾರು 5.95 ಇರುತ್ತವೆ. 6.01ರಲ್ಲಿ ಉಳಿಯುವ ಜಾಗ ತೀರಾ ಕಡಿಮೆ. ಕಣದಷ್ಟು ಮಣ್ಣು, ಸ್ವಲ್ಪ ಊದಿದ ಬಿಬಿ ಇದ್ದರೂ ಸಿಕ್ಕಿಕೊಳ್ಳುತ್ತದೆ. ಪ್ರತಿ ಆಟದ ನಂತರ ಬಟ್ಟೆ ಹಾಕುವ ತಾಳ್ಮೆ ಇದ್ದರೆ ತೆಗೆದುಕೊಳ್ಳಿ. ಇಲ್ಲದಿದ್ದರೆ 6.03 ಸಾಕು. ಅದಕ್ಕೂ ಮೊದಲು ಒಳ್ಳೆಯ ಬಿಬಿ ಮತ್ತು ಹೊಸ ಹಾಪ್-ಅಪ್ ರಬ್ಬರ್ ಹಾಕಿ ನೋಡಿ. ನೆಲಕ್ಕೆ ಬಿದ್ದ ಬಿಬಿ ಹೆಕ್ಕಿ ಮತ್ತೆ ತುಂಬಬೇಡಿ.